ಒಳಗೆ ಕೂತಿತು ಅಂದ ಮಾತ್ರಕ್ಕೆ ಅದರ ತೋಟೆಯಲ್ಲ: ಹಳೆಯ ಒಂಟಿ ಈಡಿನ ರೈಫಲ್‌ಗಳ ವಿಜ್ಞಾನ

ಕಾರಿನಲ್ಲಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತು ಅಂಕಿಗಳು ಸ್ವಲ್ಪ ಜಾಸ್ತಿ. ಎಲ್ಲವೂ ಈ ಬರಹರೂಪದಲ್ಲಿ ಸಿಗುತ್ತೆ, ನೆನಪಿಟ್ಟುಕೊಳ್ಳೋಕೆ ಹೋಗಬೇಡಿ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಸ್ನೇಹಿತನ ಫೋನ್ ಬಂತು. "ಲೋ, ಒಂದು ಕೋವಿ ತಗೊಂಡೆ ಮಾರಾಯ. ನೂರ ಮೂವತ್ತು ವರ್ಷ ಹಳೇದು. ಇನ್ನೂ ಹೊಡೆಯುತ್ತಂತೆ!" ಅವನು ಸಕಲೇಶಪುರದ ಕಡೆಯವನು. ಅಜ್ಜನ ಮನೆಯ ಗೋಡೆ ಮೇಲೆ ಕೇಪಿನ ಕೋವಿ ನೇತಾಡ್ತಿದ್ದದ್ದನ್ನ ನೋಡ್ಕೊಂಡೇ ಬೆಳೆದವನು. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ಆಗಿ ಇಲ್ಲಿನ ಪೌರತ್ವವೂ ಸಿಕ್ಕಿತ್ತು. ಪೆನ್ಸಿಲ್ವೇನಿಯಾದ ಒಂದು ಹಳ್ಳಿಯಲ್ಲಿ, ತೀರಿಹೋದ ಯಜಮಾನರೊಬ್ಬರ ಮನೆ ಸಾಮಾನಿನ ಹರಾಜಿನಲ್ಲಿ ಅವನಿಗೆ ಆ ರೈಫಲ್ ಸಿಕ್ಕಿತ್ತು. ಸ್ಪ್ರಿಂಗ್‌ಫೀಲ್ಡ್ ಮಾಡೆಲ್ 1873, ಜನ ಕರೆಯೋದು 'ಟ್ರ್ಯಾಪ್‌ಡೋರ್' ಅಂತ. ಅಟ್ಟದ ಮುಚ್ಚಳ ಎತ್ತಿದ ಹಾಗೆ ನಳಿಗೆಯ ಹಿಂಭಾಗದ ಮುಚ್ಚಳ ಮೇಲಕ್ಕೆತ್ತಿ ಒಂದೇ ಒಂದು ತೋಟೆ ಹಾಕಬೇಕು. ಹೊಡೆದ ಮೇಲೆ ಮತ್ತೆ ಎತ್ತಬೇಕು, ಖಾಲಿ ಕೇಸು ಹೊರಗೆ ಬರುತ್ತೆ, ಇನ್ನೊಂದು ಹಾಕಬೇಕು. ಅಷ್ಟೇ ಕೆಲಸ.

ಅದಕ್ಕೆ ತೋಟೆ ಎಲ್ಲಿ ಸಿಗುತ್ತೆ ಅಂತ ಕೇಳಿದೆ. ನಕ್ಕ. "ಊರಿನ ಬೇಟೆ ಸಾಮಾನಿನ ಅಂಗಡೀಲೇ ಇತ್ತು. ಇಪ್ಪತ್ತು ತೋಟೆಯ ಡಬ್ಬಿ. ನಂಬರು ಒಂದೇ, ಹಾಕಿ ನೋಡಿದೆ, ಸರಿಯಾಗಿ ಕೂರುತ್ತೆ."

ಮುಂದಿನ ಶನಿವಾರ ಗುಂಡು ಹಾರಿಸೋ ಮೈದಾನಕ್ಕೆ ಇಬ್ಬರೂ ಹೋದ್ವಿ. ನಾನಾಗ ಎಚ್-1ಬಿ ವೀಸಾದಲ್ಲಿದ್ದೆ, ಆದ್ದರಿಂದ ನನ್ನ ಕೈಯಲ್ಲಿ ನೋಟ್‌ಬುಕ್ ಮಾತ್ರ. ಯಾಕೆ ಅಂತ ಮುಂದೆ ಹೇಳ್ತೀನಿ. ಪಕ್ಕದ ಬೆಂಚಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ಇದ್ದರು. ನಿವೃತ್ತ ಮೆಷಿನಿಸ್ಟ್, ಹಳೇ ರೈಫಲ್‌ಗಳೇ ಅವರ ಹುಚ್ಚು. ಕೋವಿ ನೋಡಿ ಖುಷಿಯಿಂದ ಹತ್ತಿರ ಬಂದರು. ಡಬ್ಬಿ ನೋಡಿದ್ದೇ ತಡ, ಅವರ ಮುಖ ಬದಲಾಯ್ತು. ಡಬ್ಬಿ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. ಈ ತೋಟೆ ಹೊಸ ಕಾಲದ ಗಟ್ಟಿ ರೈಫಲ್‌ಗಳಿಗೆ ಮಾತ್ರ, ಟ್ರ್ಯಾಪ್‌ಡೋರ್‌ನಲ್ಲಿ ಹಾಕಕೂಡದು ಅಂತ ಅಲ್ಲಿ ಬರೆದಿತ್ತು. "ಇದನ್ನ ಹೊಡೆದಿದ್ರೆ ಈ ಮುಚ್ಚಳ ನಿಂಗೆ ಎದುರಾಗಿ ಬರ್ತಿತ್ತು" ಅಂದರು. ಸ್ನೇಹಿತ ಸುಮ್ಮನೆ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡ.

ನಂಬರು ಒಂದೇ. ಅಳತೆ ಒಂದೇ. ಒಳಗೆ ಸರಿಯಾಗಿ ಕೂರುತ್ತೆ. ಆದರೂ ಅದು ಆ ಕೋವಿಯ ತೋಟೆ ಅಲ್ಲ. ಹೇಗೆ? ಇವತ್ತಿನ ಸಂಚಿಕೆ ಇದರ ಬಗ್ಗೆ.

ಮೊದಲು ಶಬ್ದಗಳನ್ನ ಸರಿಮಾಡಿಕೊಳ್ಳೋಣ. ಊರಲ್ಲಿ ಮಾತಾಡುವಾಗ ಗುಂಡು, ತೋಟೆ, ಮದ್ದು ಎಲ್ಲವನ್ನೂ ಕಲಸಿಬಿಡ್ತೀವಿ. ತೋಟೆ ಅಂದ್ರೆ ಇಡೀ ಕಟ್ಟು. ಅದರಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಸೀಸದ ಗುಂಡು. ಕೇಪಿಗೆ ಪೆಟ್ಟು ಬಿದ್ದರೆ ಕಿಡಿ, ಕಿಡಿಯಿಂದ ಮದ್ದು ಉರಿದು ಅನಿಲ, ಅನಿಲದ ಒತ್ತಡಕ್ಕೆ ಗುಂಡು ಮುಂದಕ್ಕೆ.

ಆ ಕಾಲದ ತೋಟೆಯ ಹೆಸರಿನಲ್ಲೇ ಅದರ ಜಾತಕ ಇರ್ತಿತ್ತು. ಟ್ರ್ಯಾಪ್‌ಡೋರ್ ರೈಫಲ್ಲಿನ ತೋಟೆ 45-70-405. ಅಂದರೆ ಗುಂಡಿನ ಅಡ್ಡಳತೆ ಸುಮಾರು 0.45 ಅಂಗುಲ, ಮದ್ದು 70 ಗ್ರೇನ್, ಗುಂಡು 405 ಗ್ರೇನ್. ಗ್ರೇನ್ ಅಂದರೆ ಧಾನ್ಯದ ಒಂದು ಕಾಳಿನ ತೂಕದಿಂದ ಹುಟ್ಟಿದ ಅಳತೆ, ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ. ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್. ಲೆಕ್ಕ ಹಾಕಿದರೆ ಮದ್ದು ನಾಲ್ಕೂವರೆ ಗ್ರಾಂ, ಗುಂಡು 26 ಗ್ರಾಂ. ಎರಡೂಕಾಲು ತೊಲ ಸೀಸ! ಇವತ್ತಿನ ಸೈನಿಕರ ರೈಫಲ್ಲಿನ ಗುಂಡು ಸುಮಾರು 4 ಗ್ರಾಂ ಅಷ್ಟೇ. ಹಳೇ ಗುಂಡು ಭಾರ, ದಪ್ಪ, ನಿಧಾನ: ಸೆಕೆಂಡಿಗೆ ಸುಮಾರು 410 ಮೀಟರ್.

ಈಗ ಆ 70 ಗ್ರೇನ್ ಮದ್ದಿನ ವಿಚಾರಕ್ಕೆ ಬರೋಣ, ಎಲ್ಲಾ ಗಂಟೂ ಅಲ್ಲೇ ಇರೋದು. 1873ರಲ್ಲಿ ಸೈನ್ಯದ ರೈಫಲ್ಲಿನ ಮದ್ದು ಅಂದರೆ ಕರಿಮದ್ದು. ಪೆಟ್ಲುಪ್ಪು 75 ಭಾಗ, ಇದ್ದಿಲು 15, ಗಂಧಕ 10. (ಹದಿನೆಂಟನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಿಹಾರದ ಪೆಟ್ಲುಪ್ಪನ್ನ ಹಡಗುಗಟ್ಟಲೆ ಸಾಗಿಸಿತು. ಬ್ರಿಟನ್ನಿನ ಯುದ್ಧಗಳಲ್ಲಿ ಉರಿದ ಮದ್ದಿನಲ್ಲಿ ಬಹಳಷ್ಟು ನಮ್ಮ ಕಡೆಯ ಮಣ್ಣಿನ ಉಪ್ಪೇ.) ಇದ್ದಿಲು ಮತ್ತು ಗಂಧಕ ಸೌದೆಯ ಕೆಲಸ ಮಾಡುತ್ತೆ, ಪೆಟ್ಲುಪ್ಪು ಆಮ್ಲಜನಕ ಕೊಡುತ್ತೆ. ಆದ್ದರಿಂದ ಗಾಳಿ ಇಲ್ಲದ ಮುಚ್ಚಿದ ಕೇಸಿನೊಳಗೂ ಅದು ಉರಿಯುತ್ತೆ.

ಕರಿಮದ್ದಿಗೆ ಎರಡು ಗುಣ. ಒಂದು, ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ತೂಕ ಅನಿಲ ಆಗೋದೇ ಇಲ್ಲ, ಘನ ಕಿಟ್ಟವಾಗಿ ಉಳಿಯುತ್ತೆ. ಆ ದಟ್ಟ ಬಿಳಿ ಹೊಗೆ, ನಳಿಗೆಯೊಳಗಿನ ಕರಿ ಮಸಿ ಎಲ್ಲಾ ಅದೇ. ಎರಡು, ಅದು ಉರಿಯೋ ವೇಗ ಮುಖ್ಯವಾಗಿ ಕಾಳಿನ ಗಾತ್ರದ ಮೇಲೆ ನಿಂತಿದೆ. ಸುತ್ತಲಿನ ಒತ್ತಡ ಹೆಚ್ಚಾದರೆ ವೇಗ ಹೆಚ್ಚುತ್ತೆ ನಿಜ, ಆದರೆ ಹುಚ್ಚು ಹಿಡಿದ ಹಾಗಲ್ಲ. ಆ ಕಾಲದ ಕೋವಿ ಮಾಡೋನಿಗೆ ಇದು ದೊಡ್ಡ ಅನುಕೂಲ. ಇನ್ನೊಂದು ಮಾತು, ಕೇಸನ್ನ ಮದ್ದಿನಿಂದ ಪೂರ್ತಿ ತುಂಬಿಬಿಡ್ತಿದ್ದರು, ಸ್ವಲ್ಪ ಒತ್ತಿ. ಅದಕ್ಕಿಂತ ಜಾಸ್ತಿ ಹಾಕೋಕೆ ಜಾಗವೇ ಇಲ್ಲ. ಅಂದರೆ ಅಳತೆ ಪಾವು-ಸೇರಿನ ಥರ, ಪಾತ್ರೆ ತುಂಬಿತು ಅಂದ್ರೆ ಮುಗೀತು. ಪಾತ್ರೆಯೇ ಕಾವಲುಗಾರ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬ ರಸಾಯನಶಾಸ್ತ್ರಜ್ಞ ನೈಟ್ರೋಸೆಲ್ಯುಲೋಸನ್ನ ಪಳಗಿಸಿ ಹೊಗೆಯಿಲ್ಲದ ಮದ್ದು ತಯಾರಿಸಿದ. ಎರಡೇ ವರ್ಷದಲ್ಲಿ, 1886ರಲ್ಲಿ, ಅದಕ್ಕೆ ಹೊಂದುವ ಲೆಬೆಲ್ ರೈಫಲ್ ಫ್ರೆಂಚ್ ಸೈನ್ಯಕ್ಕೆ ಬಂತು. ತೂಕಕ್ಕೆ ತೂಕ ಹಿಡಿದರೆ ಕರಿಮದ್ದಿನ ಸುಮಾರು ಮೂರು ಪಟ್ಟು ಶಕ್ತಿ. ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತೆ. ಆದರೆ ಇದರ ಸ್ವಭಾವ ಬೇರೆ: ಒತ್ತಡ ಏರಿದಷ್ಟೂ ಇದು ಬೇಗ ಉರಿಯುತ್ತೆ, ಬೇಗ ಉರಿದಷ್ಟೂ ಒತ್ತಡ ಏರುತ್ತೆ.

ನನಗೆ ಇದನ್ನ ಅರ್ಥ ಮಾಡಿಸಿದ್ದು ಪ್ರೆಶರ್ ಕುಕ್ಕರ್. ನಿಮ್ಮ ಮನೆ ಕುಕ್ಕರಿನೊಳಗೆ ಒತ್ತಡ ಏರಿದರೂ ಕೆಳಗಿನ ಉರಿ ಇದ್ದಷ್ಟೇ ಇರುತ್ತೆ, ಅಲ್ವಾ? ಕರಿಮದ್ದು ಹೆಚ್ಚುಕಡಿಮೆ ಹಾಗೆ. ಈಗ ಒಳಗಿನ ಒತ್ತಡ ಏರಿದ ಹಾಗೆಲ್ಲ ಒಲೆಯ ಉರಿಯೂ ತಾನಾಗೇ ದೊಡ್ಡದಾಗೋ ಒಂದು ಕುಕ್ಕರನ್ನ ಊಹಿಸಿ. ಅದು ಹೊಗೆಯಿಲ್ಲದ ಮದ್ದು. ಗಟ್ಟಿ ಪಾತ್ರೆ, ಸರಿಯಾದ ಅಳತೆ ಇದ್ದರೆ ಬಹಳ ಒಳ್ಳೆ ಕೆಲಸಗಾರ. ಅಳತೆ ತಪ್ಪಿದರೆ ಸೀಟಿ ಹೊಡೆಯೋಕೂ ಪುರುಸೊತ್ತು ಕೊಡಲ್ಲ.

ಒತ್ತಡದ ಅಂಕಿ ನೋಡೋಣ. ಕಾರಿನ ಟೈರಿನಲ್ಲಿ ಸುಮಾರು 32 ಪಿಎಸ್‌ಐ ಇರುತ್ತೆ. ಅಮೆರಿಕದ ತೋಟೆ ತಯಾರಕರ ಒಕ್ಕೂಟ 45-70ಕ್ಕೆ ಇಟ್ಟಿರುವ ಗರಿಷ್ಠ ಮಿತಿ 28,000 ಪಿಎಸ್‌ಐ. ನಳಿಗೆಯ ತೂತು ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಆದರೂ ಆ ಒತ್ತಡದಲ್ಲಿ ಗುಂಡಿನ ಬೆನ್ನಿನ ಮೇಲೆ ಬೀಳೋ ಬಲ ಎರಡು ಟನ್ ತೂಕದಷ್ಟು. ನ್ಯೂಟನ್ ಹೇಳಿದ ಹಾಗೆ ಹಿಂದಕ್ಕೂ ಅಷ್ಟೇ ಬಲ ಬೀಳಬೇಕು, ಆ ಮುಚ್ಚಳದ ಮೇಲೆ, ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ತೋಟೆ ತುಂಬೋರ ಕೈಪಿಡಿಗಳಲ್ಲಿ 45-70ಕ್ಕೆ ಒಂದೇ ಪಟ್ಟಿ ಇರೋದಿಲ್ಲ, ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತೆ. ಟ್ರ್ಯಾಪ್‌ಡೋರ್‌ಗೆ ತೀರಾ ಮೃದು, ಲಿವರ್ ರೈಫಲ್‌ಗಳಿಗೆ ಮಧ್ಯಮ, ಇವತ್ತಿನ ಉಕ್ಕಿನ ಗಟ್ಟಿ ಒಂಟಿ ಈಡಿನ ರೈಫಲ್‌ಗಳಿಗೆ ಜೋರು. ಮೊದಲ ಪಟ್ಟಿಯ ಗೆರೆ ಒಕ್ಕೂಟದ ಮಿತಿಗಿಂತಲೂ ಬಹಳ ಕೆಳಗೆ. ಮೂರನೇದು ಅದನ್ನ ದಾಟಿ ಎಷ್ಟೋ ಮೇಲೆ. ಮೂರಕ್ಕೂ ಕೇಸು ಒಂದೇ, ಹೆಸರು ಒಂದೇ!

ಇದಕ್ಕೆ ಕಾರಣ ಏನಂದ್ರೆ 45-70 ಸಾಯಲೇ ಇಲ್ಲ. ಟ್ರ್ಯಾಪ್‌ಡೋರ್ ಅನ್ನ ವಿನ್ಯಾಸ ಮಾಡಿದ್ದು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮುಖ್ಯ ಕುಶಲಕರ್ಮಿ ಎರ್ಸ್ಕಿನ್ ಆಲಿನ್. ಅಂತರ್ಯುದ್ಧ ಮುಗಿದಾಗ ಸರ್ಕಾರದ ಹತ್ತಿರ ಬಾಯಿಂದ ಮದ್ದು ತುಂಬೋ ಕೋವಿಗಳು ರಾಶಿ ಬಿದ್ದಿದ್ದವು. ಅವುಗಳ ಹಿಂಭಾಗ ಕತ್ತರಿಸಿ ಕೀಲಿನ ಮುಚ್ಚಳ ಕೂರಿಸೋ ಜುಗ್ಗತನದ ಉಪಾಯ ಅವನದ್ದು. 1873ರ ಮಾದರಿ ಅದೇ ಉಪಾಯದ ಮುಂದುವರಿದ ರೂಪ. 1892ರಲ್ಲಿ ಸೈನ್ಯ ಹೊಗೆಯಿಲ್ಲದ ಮದ್ದಿನ ಕ್ರಾಗ್ ರೈಫಲ್ ಆರಿಸಿಕೊಂಡಿತು. ಆದರೆ ಬೇಟೆಗಾರರು 45-70 ತೋಟೆಯನ್ನ ಬಿಡಲಿಲ್ಲ. ಕರಡಿ, ಕಡವೆ ಜಾತಿಯ ದೊಡ್ಡ ಪ್ರಾಣಿಗಳಿಗೆ ಇವತ್ತಿಗೂ ಅದನ್ನೇ ಬಳಸೋರಿದ್ದಾರೆ, ಹೊಸ ಲಿವರ್ ರೈಫಲ್‌ಗಳಲ್ಲಿ. ಆ ಗಿರಾಕಿಗಳಿಗಾಗಿ ತಯಾರಕರು ಅದೇ ಕೇಸಿನಲ್ಲಿ ಹೆಚ್ಚು ಹೆಚ್ಚು ಒತ್ತಡದ ತೋಟೆ ತಂದರು. ಅಂಗಡಿಯ ಒಂದೇ ಕಪಾಟಿನಲ್ಲಿ ಅಜ್ಜನ ಔಷಧಿ, ಕುದುರೆಯ ಔಷಧಿ ಎರಡೂ ಒಂದೇ ಥರದ ಬಾಟಲಿಯಲ್ಲಿ ಇಟ್ಟ ಹಾಗೆ.

ಆಮೇಲೆ ಆ ಯಜಮಾನರು ತಮ್ಮ ಚೀಲದಿಂದ ಇನ್ನೊಂದು ರೈಫಲ್ ತೆಗೆದರು. ನನ್ನ ಮಟ್ಟಿಗೆ ಆ ದಿನದ ಅಸಲಿ ಪಾಠ ಅದು. ಬ್ರಿಟಿಷರ ಮಾರ್ಟಿನಿ-ಹೆನ್ರಿ. 1871ರಲ್ಲಿ ಸೈನ್ಯಕ್ಕೆ ಬಂದದ್ದು. ಕೆಳಗಿನ ಲಿವರ್ ಒತ್ತಿದರೆ ಉಕ್ಕಿನ ದಿಮ್ಮಿ ಕೆಳಗೆ ಇಳಿಯುತ್ತೆ, ತೋಟೆ ಹಾಕಿ ಲಿವರ್ ಮೇಲಕ್ಕೆ ಎಳೆದರೆ ಬಾಯಿ ಮುಚ್ಚುತ್ತೆ. ಆ ಯಂತ್ರ ಸ್ವಿಟ್ಜರ್ಲೆಂಡಿನಲ್ಲಿ ಕಾರ್ಖಾನೆ ನಡೆಸ್ತಿದ್ದ ಫ್ರೆಡ್ರಿಕ್ ಫಾನ್ ಮಾರ್ಟಿನಿಯದ್ದು, ನಳಿಗೆಯೊಳಗಿನ ಸುರುಳಿ ಗೀರು ಎಡಿನ್‌ಬರ್ಗಿನ ಅಲೆಕ್ಸಾಂಡರ್ ಹೆನ್ರಿಯದ್ದು. 1879ರಲ್ಲಿ ಜುಲು ಯುದ್ಧದ ಇಸಾಂಡ್ಲ್ವಾನಾ, ರೋರ್ಕ್ಸ್ ಡ್ರಿಫ್ಟ್ ಕದನಗಳಲ್ಲಿ ಬ್ರಿಟಿಷ್ ಸೈನಿಕರ ಕೈಯಲ್ಲಿದ್ದದ್ದು ಇದೇ. ಭಾರತೀಯ ಸಿಪಾಯಿಗಳಿಗೆ ಮಾತ್ರ ತಡವಾಗಿ ಸಿಕ್ಕಿತು. 1857ರ ನಂತರ ಅವರ ಕೈಯಲ್ಲಿ ಯಾವಾಗಲೂ ಒಂದು ತಲೆಮಾರು ಹಳೆಯ ಆಯುಧ ಇರಬೇಕು ಅನ್ನೋದು ಬ್ರಿಟಿಷರ ನೀತಿಯಾಗಿತ್ತು. ಗೋರಾ ಪಲ್ಟನ್ನಿನ ಹತ್ತಿರ ಮಾರ್ಟಿನಿ ಇದ್ದಾಗ ನಮ್ಮವರ ಹತ್ತಿರ ಸ್ನೈಡರ್.

ಮಾರ್ಟಿನಿಯ ತೋಟೆಯ ಹೆಸರು 577/450. 85 ಗ್ರೇನ್ ಮದ್ದು, 480 ಗ್ರೇನ್ ಗುಂಡು, ಅಂದರೆ 31 ಗ್ರಾಂ ಸೀಸ. ಇದು ಯಾವ ಊರಿನ ಅಂಗಡಿಯ ಕಪಾಟಿನಲ್ಲೂ ಸುಮ್ಮನೆ ಸಿಗಲ್ಲ. ಸೈನ್ಯಗಳು ಬಿಟ್ಟ ಮೇಲೆ ಹೊಸ ರೈಫಲ್ ಯಾವುದೂ ಆ ತೋಟೆಯನ್ನ ಹಿಡಿಯಲಿಲ್ಲ. ಹಾಗಾದ್ರೆ ಅದನ್ನ ಹೊಡೆಯೋರು ಏನು ಮಾಡ್ತಾರೆ? ಒಂದೊಂದಾಗಿ ತಾವೇ ಮಾಡಿಕೊಳ್ತಾರೆ.

ಅದಕ್ಕೇ ನಾನು ಹೇಳ್ತೀನಿ, ಸಿಗದ ತೋಟೆಗಿಂತ ಸಲೀಸಾಗಿ ಸಿಗೋ ತೋಟೆಯೇ ಹೆಚ್ಚು ಅಪಾಯ. 577/450 ಬೇಕಾದವನು ತಿಂಗಳುಗಟ್ಟಲೆ ಓದಬೇಕು, ಹುಡುಕಬೇಕು, ತಿಳಿದವರನ್ನ ಕೇಳಬೇಕು. ಅಷ್ಟರಲ್ಲಿ ಅವನಿಗೆ ತನ್ನ ಕೋವಿ ಏನು ತಡೆಯುತ್ತೆ ಅಂತ ಗೊತ್ತಾಗಿರುತ್ತೆ. 45-70 ಬೇಕಾದವನಿಗೆ ಕಾರ್ಡ್ ಉಜ್ಜಿದರೆ ಸಾಕು.

ಆ ಯಜಮಾನರು ಕೇಸು ಮಾಡಿಕೊಳ್ಳೋ ರೀತಿ ಕೇಳಿ ನನಗೆ ಬಹಳ ಖುಷಿಯಾಯ್ತು. 24 ಗೇಜಿನ ಚರೆಕೋವಿಗೆ ಬರುವ ಹಿತ್ತಾಳೆ ಕೇಸು, ಬ್ರೆಜಿಲಿನಲ್ಲಿ ತಯಾರಾದದ್ದು, ಅದರ ಬುಡದ ಅಳತೆ ಮಾರ್ಟಿನಿಯದ್ದಕ್ಕೆ ಹತ್ತಿರ. ಅದನ್ನ ಅಚ್ಚುಗಳಲ್ಲಿ ಹಂತಹಂತವಾಗಿ ಒತ್ತಿ ಕತ್ತು ಕಿರಿದು ಮಾಡ್ತಾರೆ. ಆದರೆ ಒಂದೇ ಸಲ ಒತ್ತಿದರೆ ಹಿತ್ತಾಳೆ ಸೀಳುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿದರೆ ಗಟ್ಟಿಯಾಗಿ ಕೊನೆಗೆ ಮುರಿಯುತ್ತಲ್ಲ, ಹಾಗೆ. ಲೋಹದ ಹರಳುಗಳ ಸಾಲು ಜಾರಿ ಜಾರಿ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೇ ನಡುನಡುವೆ ಕತ್ತಿನ ಭಾಗ ಮಾತ್ರ ಕಾಯಿಸಬೇಕು. ಕಾದಾಗ ಹರಳುಗಳು ಹೊಸದಾಗಿ ಕಟ್ಟಿಕೊಂಡು ಲೋಹ ಮತ್ತೆ ಮೆತ್ತಗಾಗುತ್ತೆ. ತಾಮ್ರದ ಹಂಡೆ ಬಡಿಯೋರು ಮಧ್ಯೆ ಮಧ್ಯೆ ಒಲೆಗೆ ಹಿಡಿಯೋದು ಇದಕ್ಕೇ. ಆದರೆ ಕೇಸಿನ ಬುಡ ಮಾತ್ರ ಮೆತ್ತಗಾಗಬಾರದು, ಒತ್ತಡ ತಡೆಯೋದೇ ಅದು. ಆದ್ದರಿಂದ ಕೇಸುಗಳನ್ನ ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಮೇಲ್ಭಾಗಕ್ಕೆ ಮಾತ್ರ ಜ್ವಾಲೆ ಹಿಡಿದು, ಕೆಂಪಾಗುವ ಮುಂಚೆಯೇ ನೀರಿಗೆ ಬೀಳಿಸಿಬಿಡ್ತಾರೆ.

ಹಿತ್ತಾಳೆ ಯಾಕೆ ಅನ್ನೋದಕ್ಕೂ ಒಂದು ಕಥೆ ಇದೆ. ಈಡು ಹೊಡೆದ ಕ್ಷಣ ಕೇಸು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳಬೇಕು, ಇಲ್ಲದಿದ್ದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತೆ. ಒತ್ತಡ ಇಳಿದ ಕೂಡಲೇ ಅದು ಸ್ವಲ್ಪ ಕುಗ್ಗಿ ಸಡಿಲವೂ ಆಗಬೇಕು, ಇಲ್ಲದಿದ್ದರೆ ಹೊರಗೆ ಬರಲ್ಲ. ಹಿತ್ತಾಳೆ ಎರಡನ್ನೂ ಮಾಡುತ್ತೆ. ಟ್ರ್ಯಾಪ್‌ಡೋರಿನ ಮೊದಮೊದಲ ತೋಟೆಗಳು ತಾಮ್ರದ್ದು. ತಾಮ್ರ ಉಬ್ಬುತ್ತೆ, ಆದರೆ ಅಷ್ಟಾಗಿ ವಾಪಸು ಬರಲ್ಲ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಕಸ್ಟರ್‌ನ ತುಕಡಿ ಸೋತು ನಾಶವಾದಾಗ, ಕೇಸುಗಳು ಸಿಕ್ಕಿಹಾಕಿಕೊಂಡದ್ದೇ ಕಾರಣ ಅಂತ ಬಹಳ ಕಾಲ ಹೇಳ್ತಿದ್ದರು. 1983ರಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬರಿದಾಯ್ತು, ಮರುವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಇಡೀ ಮೈದಾನ ಜಾಲಾಡಿದರು. ಚಾಕುವಿನಿಂದ ಮೀಟಿ ತೆಗೆದ ಗುರುತಿರುವ ಕೇಸುಗಳು ಸಿಕ್ಕವು, ಆದರೆ ಬಹಳ ಕಡಿಮೆ. ಸೋಲಿನ ಹೊಣೆಯನ್ನ ತಾಮ್ರದ ತಲೆಗೆ ಕಟ್ಟೋದು ಅಷ್ಟು ಸುಲಭವಲ್ಲ. ಮಾರ್ಟಿನಿಯ ಹಳೇ ತೋಟೆಯದ್ದೂ ಇಂಥದ್ದೇ ಸಮಸ್ಯೆ. ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡ್ತಿದ್ದರು, ನಳಿಗೆ ಬಿಸಿಯಾದಾಗ ಹರಿದು ಒಳಗೇ ಉಳಿದುಬಿಡ್ತಿತ್ತು.

ಇನ್ನೊಂದು ಕಷ್ಟ, ಗುಂಡಿನ ಅಳತೆ. ಹೆಸರಿನಲ್ಲಿ 450 ಅಂತಿದ್ದರೂ ಮಾರ್ಟಿನಿಯ ನಳಿಗೆಯೊಳಗಿನ ಗೀರುಗಳ ಅಳತೆ ಅದಕ್ಕಿಂತ ದೊಡ್ಡದು, ಒಂದು ಕೋವಿಯಿಂದ ಇನ್ನೊಂದಕ್ಕೆ ಬೇರೆಯೂ ಆಗುತ್ತೆ. ಹೆಸರು ನಂಬಬಾರದು, ಅಳೆಯಬೇಕು. ಮೆತ್ತನೆ ಸೀಸದ ತುಂಡೊಂದನ್ನ ನಳಿಗೆಯಲ್ಲಿ ದೂಡಿ ಆಚೆ ತೆಗೆದು ಮೈಕ್ರೋಮೀಟರಿನಲ್ಲಿ ಅಳೀತಾರೆ. ತೋಟೆ ಕೂರೋ ಗೂಡಿನ ಅಳತೆಗೆ ಇನ್ನೂ ಚಂದದ ಉಪಾಯ ಇದೆ: ಬಿಸ್ಮತ್ ಬೆರೆತ ಒಂದು ಲೋಹ, ಕುದಿಯೋ ನೀರಿಗಿಂತ ಕಡಿಮೆ ಬಿಸಿಗೇ ಕರಗುತ್ತೆ. ಕರಗಿಸಿ ಗೂಡಿಗೆ ಹೊಯ್ದರೆ ಆರುವಾಗ ಕುಗ್ಗಿ ಸುಲಭವಾಗಿ ಹೊರಗೆ ಬರುತ್ತೆ. ಆಮೇಲೆ ನಿಧಾನಕ್ಕೆ ಹಿಗ್ಗಿ, ಸುಮಾರು ಒಂದು ಗಂಟೆಗೆ ಸರಿಯಾಗಿ ಗೂಡಿನ ಅಳತೆಗೇ ಬಂದು ನಿಲ್ಲುತ್ತೆ. ಒಂದು ಗಂಟೆ ಕಾಯ್ದು ಅಳೀಬೇಕು. ತಾಳ್ಮೆ ಇಲ್ಲದವರಿಗಲ್ಲ ಈ ಹವ್ಯಾಸ.

ಗುಂಡಿನ ಸೀಸವೂ ಮೆತ್ತಗಿರಬೇಕು. ಮಾರ್ಟಿನಿಗೆ ಹನ್ನೆರಡು ಭಾಗ ಸೀಸಕ್ಕೆ ಒಂದು ಭಾಗ ತವರ. ಕರಿಮದ್ದಿನ ಪೆಟ್ಟಿಗೆ ಈ ಮೆತ್ತನೆ ಗುಂಡಿನ ಬುಡ ಅಗಲವಾಗಿ ಗೀರುಗಳಿಗೆ ತುಂಬಿಕೊಳ್ಳುತ್ತೆ. ಗಟ್ಟಿ ಗುಂಡು ಹಾಕಿದರೆ ಅನಿಲ ಪಕ್ಕದಿಂದ ನುಸುಳಿ ಗುರಿ ಎಲ್ಲೆಲ್ಲೋ ಹೋಗುತ್ತೆ. ಗುಂಡಿಗೆ ಜೇನುಮೇಣ, ಕೊಬ್ಬು ಸವರೋದು ಮಸಿ ಮೆತ್ತಗಿರಲಿ ಅಂತ. ಪೆಟ್ರೋಲಿಯಂ ಎಣ್ಣೆ ಬಳಸಿದರೆ ಮಸಿ ಡಾಂಬರಿನ ಹಾಗೆ ಗಟ್ಟಿಯಾಗುತ್ತೆ. 1857ರ ಕೊಬ್ಬಿನ ಗಲಾಟೆ ನಿಮಗೆ ಗೊತ್ತಿದೆ. ಆ ಕೊಬ್ಬಿಗೆ ಇಂಥದ್ದೊಂದು ಕೆಲಸ ಇತ್ತು ಅಂತ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

"ಕರಿಮದ್ದು ಇಷ್ಟು ರಗಳೆ ಆದರೆ, ಹೊಗೆಯಿಲ್ಲದ ಮದ್ದನ್ನೇ ಸ್ವಲ್ಪ ಹಾಕಿ ಮೃದುವಾಗಿ ತುಂಬಬಹುದಲ್ಲ?" ಸ್ನೇಹಿತ ಅಲ್ಲೇ ಕೇಳಿದ ಪ್ರಶ್ನೆ. ತುಂಬಬಹುದು, ತುಂಬೋರೂ ಇದ್ದಾರೆ, ಕೈಪಿಡಿಯ ಮೊದಲ ಪಟ್ಟಿ ಇರೋದೇ ಅದಕ್ಕೆ. ಆದರೆ ದೊಡ್ಡ ಕೇಸಿನ ತಳದಲ್ಲಿ ಚಿಟಿಕೆಯಷ್ಟು ಮದ್ದು, ಉಳಿದದ್ದು ಖಾಲಿ. ಮರೆತು ಎರಡನೇ ಸಲ ಹಾಕಿದರೂ ಕೇಸು ತುಂಬಿ ಚೆಲ್ಲಲ್ಲ, ಕಣ್ಣಿಗೆ ಗೊತ್ತಾಗಲ್ಲ. ಕರಿಮದ್ದಿನ ಕಾಲದಲ್ಲಿ ಪಾತ್ರೆಯೇ ಕಾವಲುಗಾರ ಅಂದೆನಲ್ಲ, ಇಲ್ಲಿ ಆ ಕಾವಲುಗಾರ ಇಲ್ಲ. ಹಳೇ ಕೋವಿಗಳು ಒಡೆದ ಕಥೆಗಳಲ್ಲಿ ಎರಡು ಅಳತೆ ಬಿದ್ದ ಕಥೆ ಮತ್ತೆ ಮತ್ತೆ ಬರುತ್ತೆ. ಉಲ್ಟಾ ತಪ್ಪೂ ಇದೆ: ಕರಿಮದ್ದಿನ ತೋಟೆಯಲ್ಲಿ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಬಿಟ್ಟರೆ ನಳಿಗೆ ಬಳೆಯ ಹಾಗೆ ಉಬ್ಬಬಹುದು. ಈಗಿನ ಕೆಲವು ಕೇಸುಗಳ ಗೋಡೆ ದಪ್ಪ, ಹಳೇ ಅಳತೆಯ 85 ಗ್ರೇನ್ ಹಿಡಿಯದೇ ಇರಬಹುದು. ಇನ್ನು ಕೆಲವರು ಕಡಿಮೆ ಮದ್ದು ಹಾಕ್ತಾರೆ. ಉಳಿದ ಜಾಗವನ್ನ ರಟ್ಟಿನ ಬಿಲ್ಲೆ, ಉಣ್ಣೆಯ ಬಿಲ್ಲೆ ಇಟ್ಟು ಪೂರ್ತಿ ತುಂಬ್ತಾರೆ. ನಾನು ಬೇಕಂತಲೇ ಇಲ್ಲಿ ಮದ್ದಿನ ಅಳತೆಯ ಪಾಠ ಹೇಳ್ತಿಲ್ಲ. ಅದಕ್ಕೆ ಮುದ್ರಿತ ಕೈಪಿಡಿ ಮತ್ತು ಪಕ್ಕದಲ್ಲಿ ತಿಳಿದವರು ಬೇಕು, ಪಾಡ್‌ಕಾಸ್ಟ್ ಅಲ್ಲ.

ಕರಿಮದ್ದು ಸಿಗೋದೂ ಸುಲಭವಲ್ಲ. ಅದನ್ನ ಇಟ್ಟುಕೊಳ್ಳೋ ನಿಯಮ ಕಟ್ಟುನಿಟ್ಟು, ಹೆಚ್ಚಿನ ಅಂಗಡಿಗಳು ಆ ತಂಟೆಗೇ ಹೋಗಲ್ಲ. ಅಮೆರಿಕದಲ್ಲಿ ಅದನ್ನ ತಯಾರಿಸೋ ಲೂಸಿಯಾನಾದ ಗೋಯೆಕ್ಸ್ ಕಾರ್ಖಾನೆ ಮುಚ್ಚುತ್ತೆ ಅಂತ 2021ರಲ್ಲಿ ಸುದ್ದಿ ಬಂದಾಗ ಈ ಹವ್ಯಾಸದವರು ಕಂಗಾಲಾಗಿದ್ದರು. ಮರುವರ್ಷ ಆಟಿಕೆ ರಾಕೆಟ್ ಮಾಡೋ ಎಸ್ಟೀಸ್ ಕಂಪನಿ ಅದನ್ನ ಕೊಂಡು ಉಳಿಸಿತು. ಅವರ ರಾಕೆಟ್‌ಗಳಿಗೂ ಕರಿಮದ್ದೇ ಬೇಕು!

ಹಾಗಾದ್ರೆ ಹಳೇ ತೋಟೆಗಳೇ ಸಿಕ್ಕರೆ? ಹರಾಜಿನಲ್ಲಿ 1880ರ ಕಾಲದ ಡಬ್ಬಿಗಳು ಬರುತ್ತವೆ. ದಯವಿಟ್ಟು ಹೊಡೆಯಬೇಡಿ. ಆ ಕಾಲದ ಕೇಪುಗಳಲ್ಲಿ ಪಾದರಸದ ಸಂಯುಕ್ತ ಇರುತ್ತೆ, ಹೊಡೆದಾಗ ಪಾದರಸ ಹಿತ್ತಾಳೆಗೆ ಸೇರಿ ಅದನ್ನ ಬಿಸ್ಕತ್ತಿನ ಹಾಗೆ ಪೆಡಸು ಮಾಡುತ್ತೆ. ಕೆಲವು ತೋಟೆ ತಡವಾಗಿ ಸಿಡಿಯುತ್ತೆ. ಟಕ್ ಅಂತು, ಏನೂ ಆಗಲಿಲ್ಲ ಅಂತ ಮುಚ್ಚಳ ತೆಗೆದ ಕ್ಷಣದಲ್ಲಿ ಸಿಡಿದರೆ ಗತಿ ಏನು? ಯಾವ ತೋಟೆಯೇ ಆಗಲಿ, ಸಿಡಿಯದಿದ್ದರೆ ಕೋವಿಯನ್ನ ಗುರಿಯ ಕಡೆಗೇ ಹಿಡಿದು ಕಾಯಬೇಕು. ಮುಚ್ಚಿದ ಹಳೇ ಡಬ್ಬಿಗೆ ಸಂಗ್ರಾಹಕರು ಒಳ್ಳೇ ಬೆಲೆ ಕೊಡ್ತಾರೆ, ಅದು ಅವರಿಗೇ ಸೇರಲಿ.

ಕೋವಿಯೇ ಅಸಲಿಯೋ ಅನ್ನೋದು ಬೇರೆ ಪ್ರಶ್ನೆ. ಇಲ್ಲಿನ ಮಾರ್ಟಿನಿಗಳಲ್ಲಿ ದೊಡ್ಡ ಪಾಲು ಕಠ್ಮಂಡುವಿನಿಂದ ಬಂದದ್ದು. ನೇಪಾಳದ ಹಳೇ ಶಸ್ತ್ರಾಗಾರದಲ್ಲಿ ದಶಕಗಳಿಂದ ಧೂಳು ಹಿಡಿದಿದ್ದ ಹತ್ತಾರು ಸಾವಿರ ಕೋವಿಗಳನ್ನ 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕೊಂಡು ತಂದರು. ಅದರಲ್ಲಿ 'ಗಹೇಂದ್ರ' ಅನ್ನೋ ರೈಫಲ್ಲೂ ಇತ್ತು, ಹೊರಗಿಂದ ಮಾರ್ಟಿನಿ ಥರವೇ, ಆದರೆ ನೇಪಾಳದಲ್ಲಿ ಕೈಯಲ್ಲೇ ಮಾಡಿದ್ದು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಲ್ಲ. ಗೋಡೆಗೆ ಚೆಂದ, ಹೊಡೆಯೋಕೆ ಬೇಡ. ಖೈಬರ್ ಕಣಿವೆಯ ಕಮ್ಮಾರರು ಮಾಡಿದ ನಕಲುಗಳೂ ಇವೆ, ಯಾವ ಕಬ್ಬಿಣವೋ ದೇವರೇ ಬಲ್ಲ. ಇಂಗ್ಲಿಷ್ ಗೊತ್ತಿಲ್ಲದೆ ಮುದ್ರೆ ಕೆತ್ತಿರೋದರಿಂದ ಅಕ್ಷರ ತಿರುಗುಮುರುಗು ಇರುತ್ತೆ. ವಿಕ್ಟೋರಿಯಾ ರಾಣಿಯ ಮುದ್ರೆ ಇದ್ದು ಕೆಳಗೆ 1905 ಅಂತಿದ್ದರೆ ನಗಬಹುದು, ರಾಣಿ ತೀರಿಕೊಂಡದ್ದು 1901ರಲ್ಲಿ. ಅಸಲಿಯೇ ಆದರೂ ತಿಳಿದ ಗನ್‌ಸ್ಮಿತ್ ಒಬ್ಬರು ಬಿರುಕು, ಸವೆತ ನೋಡಿ ಸರಿ ಅನ್ನೋ ತನಕ ತೋಟೆ ಹುಡುಕೋದೇ ಬೇಡ.

ಈಗ ನನ್ನ ನೋಟ್‌ಬುಕ್ಕಿನ ವಿಷಯ. ನಮ್ಮ ಕೇಳುಗರಲ್ಲಿ ವೀಸಾದಲ್ಲಿರೋರು ಬಹಳ, ಗಮನ ಇಟ್ಟು ಕೇಳಿ. ಅಮೆರಿಕದ 1968ರ ಕೇಂದ್ರ ಕಾನೂನಿನ ಪ್ರಕಾರ 1898 ಅಥವಾ ಅದಕ್ಕೆ ಮುಂಚೆ ತಯಾರಾದ ಕೋವಿ 'ಪುರಾತನ', ಅದನ್ನ ಬಂದೂಕು ಅಂತ ಲೆಕ್ಕಕ್ಕೇ ಹಿಡಿಯಲ್ಲ. ರಾಜ್ಯಗಳ ಕಾನೂನು ಬೇರೆ ಇರಬಹುದು. ಆದರೆ 45-70 ತೋಟೆ ಇವತ್ತಿನ ಬಂದೂಕಿನದ್ದೂ ಹೌದಲ್ಲ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳೋದಕ್ಕೆ ಕೇಂದ್ರ ಕಾನೂನಿನ ತಡೆ ಇದೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಕೋವಿ ಗೋಡೆ ಮೇಲಿದ್ದರೆ ತೊಂದರೆ ಇಲ್ಲ, ಜೇಬಿನಲ್ಲಿ ಒಂದು ತೋಟೆ ಇದ್ದರೆ ವಲಸೆ ದಾಖಲೆಗೇ ಕುತ್ತು. ಬ್ರಿಟನ್ನಿನಲ್ಲಿರೋರಿಗೆ ಇನ್ನೊಂದು ಥರ. ಅಲ್ಲಿ 577/450 ಬಳಕೆ ತಪ್ಪಿದ ಅಳತೆಗಳ ಪಟ್ಟಿಯಲ್ಲಿದೆ, ಅಲಂಕಾರಕ್ಕೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಹೊಡೆಯಬೇಕು ಅನ್ನಿಸಿದರೆ ಆಗ ಅದು ಅಲಂಕಾರ ಅಲ್ಲ, ಪ್ರಮಾಣಪತ್ರ ಬೇಕೇ ಬೇಕು. ಕೊಳ್ಳೋ ಮುಂಚೆ ವಕೀಲರನ್ನ ಕೇಳಿ, ನನ್ನನ್ನಲ್ಲ.

ಸ್ನೇಹಿತ ಆ ಡಬ್ಬಿಯನ್ನ ಹೊಸ ಲಿವರ್ ರೈಫಲ್ ಇದ್ದ ಒಬ್ಬರಿಗೆ ಕೊಟ್ಟುಬಿಟ್ಟ. ಗನ್‌ಸ್ಮಿತ್ ಎರಡು ತಿಂಗಳು ರೈಫಲ್ ಇಟ್ಟುಕೊಂಡು, ಒಂದು ಸ್ಪ್ರಿಂಗ್ ಬದಲಾಯಿಸಿ, ಸರಿ ಅಂದರು. ಏಪ್ರಿಲ್‌ನಲ್ಲಿ ಮತ್ತೆ ಅದೇ ಮೈದಾನ. ಯಜಮಾನರು ಅವನನ್ನ ಪಕ್ಕದಲ್ಲಿ ಕೂರಿಸಿಕೊಂಡು ತುಂಬಿಸಿದ್ದ ಹತ್ತು ಕರಿಮದ್ದಿನ ತೋಟೆ. ಮೊದಲ ಈಡನ್ನ ಕೋವಿಯನ್ನ ಚೌಕಟ್ಟಿಗೆ ಬಿಗಿದು, ದೂರದಿಂದ ದಾರ ಎಳೆದು ಹೊಡೆದರು. ಕೇಸು ತೆಗೆದು ಭೂತಗನ್ನಡಿಯಲ್ಲಿ ನೋಡಿದ ಮೇಲೆ ಉಳಿದ ಒಂಬತ್ತು. ಸದ್ದು ಚಟ್ ಅಂತಲ್ಲ, ಢಂ ಅಂತ, ಹೆಗಲಿಗೆ ಪೆಟ್ಟಿಗಿಂತ ತಳ್ಳು ಜಾಸ್ತಿ. ಬಿಳಿ ಹೊಗೆ ಮುಂದೆ ನಿಂತು ಗುರಿಯೇ ಕಾಣಲಿಲ್ಲ. ದೀಪಾವಳಿ ರಾತ್ರಿಯ ವಾಸನೆ. ಅವನು ಅಲ್ಲೇ ಊರಿಗೆ ವಿಡಿಯೋ ಕಾಲ್ ಮಾಡಿ ಚಿಕ್ಕಪ್ಪನಿಗೆ ತೋರಿಸಿದ. ಅವರು ಕೇಳಿದ್ದು ಒಂದೇ: "ನಳಿಗೆಗೆ ಬಿಸಿನೀರು ಹಾಕಿದ್ಯಾ ಇಲ್ವಾ? ಇವತ್ತೇ ತೊಳಿ, ನಾಳೆ ಅಂದ್ರೆ ತುಕ್ಕು ಹಿಡಿಯುತ್ತೆ."

ಅವರು ಹೇಳಿದ್ದು ಸರಿ. ಕರಿಮದ್ದಿನ ಕಿಟ್ಟ ಬಹುಪಾಲು ಪೊಟ್ಯಾಸಿಯಂ ಲವಣಗಳು, ಗಾಳಿಯ ತೇವ ಹೀರಿಕೊಳ್ಳುತ್ತೆ, ಎಣ್ಣೆಗೆ ಕರಗಲ್ಲ, ನೀರಿಗೆ ಕರಗುತ್ತೆ. ಬಿಸಿನೀರು, ಸ್ವಲ್ಪ ಸೋಪು, ಒಣಗಿಸಿ ಎಣ್ಣೆ ಸವರೋದು. ಆ ಸಂಜೆ ಅವನು ಬಚ್ಚಲಿನ ಟಬ್ಬಿನಲ್ಲೇ ತೊಳೆದನಂತೆ. ಟಬ್ಬಿನ ಕರಿಗೆರೆ ಹೋಗೋಕೆ ಒಂದು ವಾರ ಬೇಕಾಯ್ತು ಅಂತ ಅವನ ಹೆಂಡತಿ ನನ್ನ ಹತ್ತಿರ ದೂರಿದ್ದಾರೆ.

ಕೊಡಗಿನವರು, ಮಲೆನಾಡಿನವರು ನಿಮ್ಮ ಮನೆಯ ಹಳೇ ಕೋವಿಯ ಕಥೆ ಇದ್ದರೆ ಬರೆದು ಕಳಿಸಿ. ತೋಟೆ, ಕೇಪು, ಚರೆ, ಈಡು ಅನ್ನೋದಕ್ಕೆ ನಿಮ್ಮ ಕಡೆ ಬೇರೆ ಶಬ್ದ ಇದ್ದರೆ ಅದನ್ನೂ ತಿಳಿಸಿ. ಮುಂದಿನ ಸಂಚಿಕೆ ಪ್ರೆಶರ್ ಕುಕ್ಕರ್ ಬಗ್ಗೆಯೇ, ಈ ಸಲ ನಿಜವಾದ ಕುಕ್ಕರ್. ಸಿಗೋಣ, ನಮಸ್ಕಾರ.